ಹೊರೆ ಇಳಿಸಿದ ಜಾಗ

ಬೈರನ ಕೈ ಮುರಿದದ್ದು ಸೌಭಾಗ್ಯನಗರದ ಗಣಪತಿ ಕಟ್ಟೆಯ ಎದುರು. ಹಾಡುಹಗಲು. ಬಡಾವಣೆಗೆ ಬಡಾವಣೆಯೇ ಗೇಟಿಗೆ ಆತು ನಿಂತು ನೋಡಿತು. ಮುರಿದವನು ರವೀಂದ್ರ. ಆದರೆ ಆ ಏಟು ಬೈರನಿಗೆ ಸಲ್ಲಬೇಕಾದದ್ದಲ್ಲ, ಅವನ ಹೆಂಡತಿ ಮಂಜಿಗೆಂದು ಎತ್ತಿದ್ದು. ಮಂಜಿಯನ್ನು ಆಗ ಯಾರೂ ಮುಟ್ಟುವಂತಿರಲಿಲ್ಲ. ಅದಕ್ಕೇ ಗಂಡನನ್ನು ಹೊಡೆದರು. ಯಾಕೆ ಮುಟ್ಟುವಂತಿರಲಿಲ್ಲ ಎನ್ನುವುದು ತಿಳಿಯಬೇಕಾದರೆ ಮೊದಲು ಗಟಾರದ ಚಪ್ಪಡಿ ಎತ್ತಬೇಕು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಿ.

ಶಿರಸಿ ಪೇಟೆ ಬನವಾಸಿ ರಸ್ತೆಯ ಕಡೆ ಮುಗಿಯುವಲ್ಲಿ ಸೌಭಾಗ್ಯನಗರದ ಕಮಾನು. ನಿನ್ನೆ ಮೊನ್ನೆಯ ಬಡಾವಣೆಯಲ್ಲ. ಮೊದಲು ಬಂದವರ ತಲೆ ಹಣ್ಣಾಗಿದೆ, ಅವರು ನೆಟ್ಟ ಬಾದಾಮಿ ಮರದ ಬೇರು ಕಂಪೌಂಡನ್ನು ಎತ್ತಿ ಬಿರುಕು ಬಿಡಿಸಿದೆ. ದಾಸನಕೊಪ್ಪದ ಜಮೀನುದಾರರು, ಅಡಿಕೆ ವ್ಯಾಪಾರದವರು, ನಿವೃತ್ತ ಮಾಸ್ತರರು. ಆಗ ಮನೆಗೊಂದು ಪಾಯಖಾನೆ, ಹಿತ್ತಲಲ್ಲಿ ಒಂದು ಗುಂಡಿ. ಈಗ ಮನೆಯ ಮೇಲೆ ಮನೆ, ಅದರ ಮೇಲೆ ಬಾಡಿಗೆಯವರು, ಕೋಣೆಗೊಂದು ಪಾಯಖಾನೆ. ಗುಂಡಿ ಮಾತ್ರ ಅದೇ. ತುಂಬಿತು, ಉಕ್ಕಿತು. ಆಗ ಬಡಾವಣೆಯ ಸಂಘದವರು ಸೇರಿ ಅಭಿವೃದ್ಧಿ ಮಾಡಿದರು. ರಸ್ತೆಯಂಚಿಗೆ ಸಿಮೆಂಟಿನ ಗಟಾರ, ಮೇಲೆ ಚಪ್ಪಡಿ, ಎಲ್ಲರ ಗುಂಡಿಯಿಂದಲೂ ಅದಕ್ಕೊಂದು ಪೈಪು. ಸಂಘದ ಅಧ್ಯಕ್ಷ ಶಿವಪುತ್ರಪ್ಪ ತೆಂಗಿನಕಾಯಿ ಒಡೆದ. ಮಗ ರವೀಂದ್ರ ಗುತ್ತಿಗೆದಾರ. ಕೆಲಸ ಅವನೇ ಹಿಡಿದ.

ಗಟಾರ ಹೋಗಿ ಎಲ್ಲಿ ಮುಗಿಯಬೇಕು ಎಂದು ಯಾರೂ ಕೇಳಲಿಲ್ಲ. ಅದು ಬಡಾವಣೆಯ ಹಿಂಗೋಡೆಯ ಬುಡದ ಒಂದು ಕಿಂಡಿಯಲ್ಲಿ ಮುಗಿಯಿತು. ಕಿಂಡಿಯ ಆಚೆ ಇಳಿಜಾರು. ಇಳಿಜಾರಿನ ಬುಡದಲ್ಲಿ ಕೇರಿ. ಕೇರಿಯ ನಡುವೆ ಬಾವಿ. ಕೇರಿ ದಾಟಿದರೆ ಅರಣ್ಯ ಇಲಾಖೆಯ ಅಕೇಶಿಯಾ, ಅಷ್ಟೇ.

ಆ ಮನೆಗಳ ತಳಪಾಯಕ್ಕೆ ಚಿರೆಕಲ್ಲು ಕಡಿದವನು ಕೇರಿಯ ಬೈರ. ಕಡಿದೂ ಕಡಿದೂ ಸೊಂಟ ಬಿದ್ದು ಮನೆಯಲ್ಲಿ ಕೂತಿದ್ದ. ಗಟಾರ ಬಳಿಯುವವಳು ಮಂಜಿ. ಹಾರೆ ಕೊಟ್ಟು ಚಪ್ಪಡಿ ಎತ್ತಬೇಕು. ಮೊಣಕಾಲು ಮಟ್ಟ ಇಳಿಯಬೇಕು. ಬಳಿದು ಬುಟ್ಟಿಗೆ ತುಂಬಬೇಕು. ಬುಟ್ಟಿ ತಲೆಗೆ. ಸೋರಿದ್ದು ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹೋಗುತ್ತದೆ. ಯಾರ ಮನೆಯಲ್ಲಿ ನಿನ್ನೆ ಹೋಳಿಗೆ, ಯಾರ ಮನೆಯಲ್ಲಿ ಕದ್ದು ತಿಂದ ಕೋಳಿ, ಯಾರ ಮುದುಕನಿಗೆ ಭೇದಿ, ಎಲ್ಲ ಅವಳಿಗೆ ಗೊತ್ತು. ಅಷ್ಟು ಗೊತ್ತಿದ್ದವಳಿಗೆ ಕುಡಿಯಲು ನೀರು ಕೇಳಿದರೆ ಗೇಟಿನ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದರು. ತಂಬಿಗೆ ಅವಳ ಬೆರಳಿಗೆ ತಾಗಬಾರದು.

ಬಾವಿಯ ನೀರು ನಾರತೊಡಗಿದಾಗ ಅವಳೇ ಶಿವಪುತ್ರಪ್ಪನ ಅಂಗಳಕ್ಕೆ ಹೋಗಿ ನಿಂತಳು.

“ಸಾವ್ಕಾರ್ರೆ, ಬಾವಿ ನಾತ ಹೊಡೀತದೆ. ಆ ಕಿಂಡಿ ಬೇರೆ ಕಡೆ ತಿರುಗ್ಸಿ.”

ಶಿವಪುತ್ರಪ್ಪ ಅಡಕತ್ತಿನಲ್ಲಿ ಅಡಿಕೆ ಹೋಳು ಮಾಡುತ್ತಿದ್ದ. “ಏನೂ ಆಗೂದಿಲ್ಲವಾ. ಮಣ್ಣಾಗ ಇಳದು ಸೋಸಿ ಹೋಗಿರ್ತೈತಿ ಅದು. ಬೇಕಾರ ಬ್ಲೀಚಿಂಗ್ ಪುಡಿ ಕೊಡ್ತೀನಿ, ಒಯ್ದು ಹಾಕ್ರಿ.”

“ನೀವು ಕುಡೀತ್ರ ಆ ನೀರ?”

“ನಮಗ ನಳ ಐತಿ, ನಾವ್ಯಾಕ ಕುಡಿಯೂಣು,” ಎಂದು ನಕ್ಕ. “ನಳ ಇಲ್ದಿದ್ರ ಕುಡೀತಿದ್ದೆ. ಒಳ್ಳೆ ನೀರದು. ನೀ ಸುಮ್ನ ಗದ್ದಲಾ ಎಬ್ಬಸಬ್ಯಾಡ.”

ಒಂದು ಪೊಟ್ಟಣ ಪುಡಿ ಕೊಟ್ಟ. ಮಂಜಿ ಒಯ್ದು ಹಾಕಿದಳು.

ಮಾಗೋಡಿನ ಕಡೆ ಮದುವೆಮಾಡಿ ಕೊಟ್ಟ ಮಂಜಿಯ ಮಗಳು ಸೌಮ್ಯ ಚೊಚ್ಚಲ ಬಸುರಿಗೆ ತವರಿಗೆ ಬಂದಿದ್ದಳು. ತವರಿನ ನೀರು ಕುಡಿದಳು. ಕಣ್ಣು ಹಳದಿಯಾಯಿತು, ಉಗುರು ಹಳದಿಯಾಯಿತು. ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಮುಂಡಗೋಡ ದಾಟುವ ಮೊದಲೇ ತಾಯಿಯ ಮಡಿಲಲ್ಲಿ ರಕ್ತ ಕಾರಿದಳು. ಹೊಟ್ಟೆಯೊಳಗಿನ ಕೂಸೂ ಅವಳ ಜೊತೆಗೇ ಹೋಯಿತು. ಮುಂಡಗೋಡದ ಡಾಕ್ಟರು ಕೇಳಿದ್ದು ಒಂದೇ ಮಾತು. ಯಾವ ನೀರು ಕುಡಿಯುತ್ತಿದ್ದಳು?

ಆ ಮಾತನ್ನು ಮಂಜಿ ಶಿವಪುತ್ರಪ್ಪನ ಮುಂದೆ ಹೇಳಿದಳು. ಅವನು ಹಣೆ ತೋರಿಸಿದ. ಹಣೆಬರಹ ಅಂತ. ಸೊಸೆ ದಾಕ್ಷಾಯಿಣಿ ಒಳಗಿನಿಂದಲೇ, “ಕಾಮಣಿ ಅಂಟಿಕೊಳ್ಳತೈತಂತ, ಆಕಿಗೆ ನಳ ಮುಟ್ಟಬ್ಯಾಡ ಅಂತ ಹೇಳ್ರಿ,” ಎಂದಳು. ಮಂಜಿ ಹಾರೆ ಹೆಗಲಿಗೇರಿಸಿಕೊಂಡು ಮನೆಗೆ ಬಂದಳು. ಆಮೇಲೆ ಆ ಗಟಾರಕ್ಕೆ ಇಳಿಯಲಿಲ್ಲ.

ಮಳೆಗಾಲ ಕಳೆಯುತ್ತಿದ್ದಂತೆ ಬಡಾವಣೆಯಲ್ಲಿ ಡೆಂಗಿ ಎದ್ದಿತು. ಹೂಕುಂಡದಲ್ಲಿ ನೀರು, ತಾರಸಿಯ ಟ್ಯಾಂಕಿನಲ್ಲಿ ನೀರು, ಸೊಳ್ಳೆಗೆ ಇನ್ನೇನು ಬೇಕು? ಮನೆಗೊಬ್ಬರು ಮಲಗಿದರು. ಒಬ್ಬ ಮಾಸ್ತರ ಸತ್ತ. ರವೀಂದ್ರನ ಮಗಳು ಸ್ಫೂರ್ತಿ, ಶಾಲೆಗೆ ಹೋಗುವ ಹುಡುಗಿ, ಆಸ್ಪತ್ರೆಯಿಂದ ಮನೆಗೆ ಬಂದರೂ ಹಾಸಿಗೆಯಿಂದ ಏಳಲಿಲ್ಲ. ನಗರಸಭೆಯ ಹೊಗೆ ಯಂತ್ರ ಬಂದು ಹೋಯಿತು. ಆಗ ಶಿವಪುತ್ರಪ್ಪನ ತಾಯಿ ಮುರಿಗೆವ್ವ ಗೋಡೆಗೆ ಒರಗಿದ್ದವಳು ಬಾಯಿ ಬಿಟ್ಟಳು.

“ಔಷಧಾ ಸಾಕು. ಮಾರಿ ಹೊರೆ ಹೊರಸ್ರಿ.”

ಮಾರಿ ಹೊರೆ ಎಂದರೆ ಇದು. ಊರಿಗೆ ರೋಗ ಬಿದ್ದರೆ ಮನೆಮನೆಯಿಂದ ಸವೆದ ಪೊರಕೆ, ಹರಿದ ಮೊರ, ಒಡೆದ ಬಳೆ, ರೋಗಿಯ ಹಳೆ ಬಟ್ಟೆ, ಒಲೆಯ ಬೂದಿ ತಂದು ದೊಡ್ಡ ಬುಟ್ಟಿಗೆ ತುಂಬುತ್ತಾರೆ. ಕುಂಕುಮ ಸುರಿದು ಬೇವು ಸಿಕ್ಕಿಸುತ್ತಾರೆ. ಕೇರಿಯವನೊಬ್ಬ ಅದನ್ನು ಹೊತ್ತು ಊರ ಗಡಿಯಾಚೆ ಇಳಿಸಬೇಕು. ಬುಟ್ಟಿ ತಲೆಯ ಮೇಲಿರುವ ತನಕ ಹೊತ್ತವನನ್ನು ಯಾರೂ ಮುಟ್ಟಬಾರದು. ಇಳಿಸಿದ ಮೇಲೆ ಬುಟ್ಟಿಯನ್ನು ಯಾರೂ ಮುಟ್ಟಬಾರದು. ಮುಟ್ಟಿದವನ ಮೈಗೆ ಮಾರಿ ಬರುತ್ತಾಳೆ, ಮುಂದಿನ ಅಮಾವಾಸ್ಯೆ ತನಕ ಅವನು ಗಡಿಯ ಒಳಗೆ ಕಾಲಿಡುವಂತಿಲ್ಲ. ಕೇರಿಯವರು ಮುಟ್ಟಿದರೆ ತೊಂದರೆಯಿಲ್ಲ, ಅವರು ಹೇಗೂ ಹೊರಗಿನವರು.

ಮೊದಲು ಗಡಿ ದೂರವಿತ್ತು. ಬೈರನ ಅಪ್ಪ ಹೊತ್ತು ಗುಡ್ಡ ದಾಟುತ್ತಿದ್ದ. ಈಗ ಬಡಾವಣೆಗೆ ಗೋಡೆಯೇ ಗಡಿ. ಗೋಡೆಯ ಆಚೆ ಇಳಿಸಿದರೆ ಬಾವಿಯ ನೆತ್ತಿಯ ಮೇಲೆ ಇಳಿಸಿದ ಹಾಗೆ. ಮನೆಗೆ ಫೋನಿನಲ್ಲೇ ಬೆಳಕು ಹಚ್ಚುವ ಜನ ಪಟಪಟ ಪೊರಕೆ ತಂದು ಹಾಕಿದರು. ರವೀಂದ್ರನೂ ಹಾಕಿದ. ಇದೆಲ್ಲ ನಂಬುವುದಿಲ್ಲ ಎನ್ನುತ್ತಿದ್ದವನು. ಮಗಳ ರಕ್ತದ ವರದಿ ಕೈಯಲ್ಲಿ ಹಿಡಿದು ನಿಂತರೆ ಎಂಥವನೂ ನಂಬುತ್ತಾನೆ.

ಬೈರನಿಗೆ ಹೇಳಿ ಕಳಿಸಿದರು. ಬೈರ ಗೋಡೆ ಹಿಡಿದುಕೊಂಡು ಎದ್ದ.

“ಕೂತ್ಕ,” ಎಂದಳು ಮಂಜಿ. “ನಾ ಹೊರ್ತೆ.”

“ಹೆಂಗ್ಸು ಹೊರೂದುಂಟನೆ?”

“ಅವ್ರ ಹೇಲು ಹೊರ್ಬೌದು, ಇದು ಹೊರೂಕಾಗ್ದ? ನೀ ಹಲಗೆ ತಗಂಡು ಬಾ.”

ಬೈರ ಅವಳ ಮುಖ ನೋಡಿದ. ಹಲಗೆ ಬೆಂಕಿಗೆ ಹಿಡಿದು ಕಾಯಿಸಿದ.

ಕಟ್ಟೆಯ ಎದುರು ಮುರಿಗೆವ್ವ ಕುರ್ಚಿಯಲ್ಲಿ ಕೂತಿದ್ದಳು. ಹೆಂಗಸು ಎಂದು ಶಿವಪುತ್ರಪ್ಪ ಗೊಣಗಿದ. ಮುದುಕಿ ಮಂಜಿಯನ್ನು ಎಮ್ಮೆ ವ್ಯಾಪಾರದವರ ಹಾಗೆ ಮೇಲಿಂದ ಕೆಳಗೆ ನೋಡಿದಳು.

“ಮುಟ್ಟು ನಿಂತೈತೇನ?”

“ನಿಂತು ಕಾಲ ಆತು, ಅವ್ವಾ.”

“ಹಂಗಾರ ನಡೀತೈತಿ, ಹೊರ್ಲಿ. ಏ, ಇನ್ನ ಯಾರೂ ಆಕಿನ್ನ ಮುಟ್ಟಬ್ಯಾಡ್ರಿ. ನೆರಳೂ ತುಳೀಬ್ಯಾಡ್ರಿ.”

ವೀಳ್ಯದೆಲೆ ನೆಲದ ಮೇಲಿಟ್ಟರು. ಮಂಜಿ ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಬುಟ್ಟಿ ತಾನೇ ಎತ್ತಿ ತಲೆಗಿಟ್ಟಳು. ಬೈರ ಹಲಗೆ ಬಡಿದ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಹಿಂಬದಿಯ ಗೇಟು ನೇರಕ್ಕೆ ಕಾಣುತ್ತಿತ್ತು.

ಮಂಜಿ ಆ ಕಡೆ ಹೋಗಲಿಲ್ಲ. ತಿರುಗಿ ಶಿವಪುತ್ರಪ್ಪನ ಎದುರು ಬಂದು ನಿಂತಳು.

“ಸಾವ್ಕಾರ್ರೆ, ಒಂದ್ ಮಾತು. ಗಟಾರದ ಕಿಂಡಿ ಮುಚ್ತೆ ಅನ್ನಿ. ಎಲ್ಲರ ಎದ್ರಿಗೆ ಅನ್ನಿ. ಅಂದ ಕೂಡ್ಲೆ ಇದನ್ನ ಅಕೇಶಿಯಾದ ಆಚೆ ಒಯ್ದು ಒಗದು ಬತ್ತೆ.”

ಶಿವಪುತ್ರಪ್ಪ ಹಿಂದೆ ಸರಿದ. “ನಡಿಯವಾ ಮೊದ್ಲು. ಆಮ್ಯಾಲ ಮಾತಾಡೂಣು.”

“ನಿಮ್ ಮಾತು ಒಂದ್ಸಲ ಕೇಳಿದ್ದೆ. ಆಮೇಲೆ ಮಗಳ್ನ ಮಣ್ಣು ಮಾಡಿದ್ದೆ.”

“ನಿನ್ನ ಮಗಳು ಸತ್ತದ್ದಕ್ಕ ನಾವೇನ್ ಮಾಡೂದು?”

ಮಂಜಿ ಒಂದು ಹೆಜ್ಜೆ ಮುಂದೆ ಇಟ್ಟಳು. ಅಧ್ಯಕ್ಷ ಎರಡು ಹೆಜ್ಜೆ ಹಿಂದೆ ಹೋದ. ಅವಳು ನಡೆದಳು, ಅವನು ಓಡಿದ. ಅವನ ಗೇಟಿನ ಎದುರು ನಿಂತಳು. ಅಲ್ಲಿಂದ ಪಕ್ಕದ ಗೇಟು, ಅದರ ಪಕ್ಕದ್ದು. ಯಾರ ಮನೆಯೆದುರು ನಿಂತರೂ ಒಳಗೆ ಕಿರುಚಾಟ, ಕಿಟಕಿ ಹಾಕುವ ಸದ್ದು. ಯಾವ ಮನೆಯ ಬೊಗಸೆ ನೀರು ಕುಡಿದಿದ್ದಳೋ ಆ ಮನೆಯಿಂದ ಮೊದಲ ಕಲ್ಲು ಬಂತು. ಭುಜಕ್ಕೆ ತಾಗಿತು. ಇನ್ನೊಂದು ಹುಬ್ಬಿಗೆ. ರಕ್ತ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಎರಡೂ ಕೈ ಬುಟ್ಟಿಯ ಮೇಲಿದ್ದವು.

ರವೀಂದ್ರ ತೆಂಗಿನಕಾಯಿ ಕೊಯ್ಯುವ ಉದ್ದನೆಯ ದೋಟಿ ತಂದ. ಮುಟ್ಟುವಂತಿಲ್ಲವಲ್ಲ. ದೂರ ನಿಂತು ಅದರ ತುದಿಯಿಂದ ಅವಳ ಪಕ್ಕೆಗೆ ತಿವಿದ. “ನಡೀ. ನಡೀ ಹೊರಗ.” ದೋಟಿಯ ಕೊಕ್ಕೆ ರವಿಕೆಗೆ ಸಿಕ್ಕಿ ಹರಿಯಿತು. ಜೊತೆಗೆ ಚರ್ಮವೂ ಹೋಯಿತು. ಮಂಜಿ ಗಟಾರದ ಚಪ್ಪಡಿಯ ಮೇಲೆ ಕಾಲೂರಿ ನಿಂತಳು. ಬುಟ್ಟಿ ಅಲ್ಲಾಡಿ ಒಂದು ಚಿಂದಿ ಕೆಳಗೆ ಬಿತ್ತು. ಜನ ಚೀರಿ ಚದುರಿದರು.

“ದಬ್ಬಬ್ಯಾಡೋ, ಒಳಗ ಚೆಲ್ಲಿದ್ರ ಊರ ಹೋಗತೈತಿ,” ಎಂದು ಮುರಿಗೆವ್ವ ಅರಚಿದಳು.

ರವೀಂದ್ರ ದೋಟಿ ಎಸೆದ. ಸುತ್ತ ನೋಡಿದ. ಬೈರ ಕಂಡ. ಹಲಗೆ ಕೊರಳಿಗೆ ಹಾಕಿಕೊಂಡು ಹೆಂಡತಿಯ ರಕ್ತ ನೋಡುತ್ತ ನಿಂತಿದ್ದ ಬೈರ. ಬೈರನ ತಲೆಯ ಮೇಲೆ ಬುಟ್ಟಿ ಇರಲಿಲ್ಲ.

ರವೀಂದ್ರ ಮೊದಲು ಹಲಗೆ ಕಿತ್ತು ಕಾಲಲ್ಲಿ ಒದ್ದು ಚರ್ಮ ಹರಿದ. ಆಮೇಲೆ ಗಣಪತಿ ಚಪ್ಪರದ ಕಬ್ಬಿಣದ ಪೈಪು ಕೈಗೆ ಸಿಕ್ಕಿತು. ಬೆನ್ನಿಗೆ ಬಿಟ್ಟ. ಸೊಂಟ ಬಿದ್ದ ಮನುಷ್ಯ ಹಿಟ್ಟಿನ ಚೀಲದ ಹಾಗೆ ಕುಸಿದ.

“ಹೊರಗ ನಡೀತೀಯೋ, ಇಂವನ್ನ ಇಲ್ಲೇ ಮುಗಸ್ಲೋ?”

“ಮಂಜೀ, ಹೋಗ್ಬ್ಯಾಡ,” ಎಂದ ಬೈರ, ನೆಲಕ್ಕೆ ಮುಖ ಒತ್ತಿಕೊಂಡೇ. “ಇವ್ರ ಮನೆ ಕಲ್ಲಿನಷ್ಟು ಗಟ್ಟಿ ನಾ. ಹೊಡೀಲಿ ಬಿಡು.”

ಪೈಪು ಮತ್ತೆ ಎದ್ದಿತು. ಬೈರ ಕೈ ಅಡ್ಡ ಹಿಡಿದ. ಒಣಗಿದ ಸೋಗೆಯ ದಂಟು ಮುರಿದ ಹಾಗೆ ಸದ್ದಾಯಿತು. ಮೊಣಕೈಯ ಕೆಳಗಿನ ತುಂಡು ಬೇರೆ ದಿಕ್ಕಿಗೆ ತಿರುಗಿ ನಿಂತಿತು. ಯಾರೂ ಸಾಕು ಎನ್ನಲಿಲ್ಲ. ಒಬ್ಬ ಫೋನು ಎತ್ತಿ ವಿಡಿಯೋ ಮಾಡಿಕೊಳ್ಳುತ್ತಿದ್ದ. ಶಿವಪುತ್ರಪ್ಪ, “ತಲೀಗೆ ಬ್ಯಾಡೋ, ಕೇಸ್ ಆಗತೈತಿ,” ಎಂದ. ಅವನ ಬಾಯಿಂದ ಬಂದ ಕರುಣೆಯ ಮಾತು ಅದೊಂದೇ.

ಮಂಜಿ ಹೆಜ್ಜೆ ಎತ್ತಿದಳು.

“ಬಿಡಿ ಅವನ್ನ. ಗಡಿ ಆಚೆ ಇಳಿಸ್ತೆ.”

ಹಿಂಬದಿಯ ಗೇಟು ತೆರೆದರು. ಅವಳು ದಾಟಿದಳು. ಹಿಂದೆ ಬೈರ, ತೂಗಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತೆವಳಿ ಬಂದ. ಬಡಾವಣೆಯ ಜನ ಗೇಟಿಗೆ, ಗೋಡೆಗೆ, ತಾರಸಿಗೆ ಏರಿ ನೋಡಿದರು. ಕೆಳಗೆ ಕೇರಿಯವರು ಬಾವಿಯ ಸುತ್ತ ನಿಂತಿದ್ದರು. ಹೊರೆ ತಮ್ಮ ತಲೆಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅವರಲ್ಲಿ ಮನೋಹರ, ಸೌಮ್ಯಳ ಗಂಡ. ಹೆಂಡತಿಯ ಮಣ್ಣಿಗೆ ಬಂದವನು ಅತ್ತೆಯ ಮನೆಯಲ್ಲೇ ಉಳಿದಿದ್ದ.

ಮಂಜಿ ಇಳಿಜಾರಿನಲ್ಲಿ ಕೆಳಗೆ ಇಳಿಯಲಿಲ್ಲ. ಗೋಡೆಯ ಹೊರಮೈಗೆ ಅಂಟಿಕೊಂಡು ನಡೆದಳು. ಕಿಂಡಿಯ ಎದುರು ನಿಂತಳು. ಬಡಾವಣೆಯ ಬೆಳಗಿನ ಪಾಯಖಾನೆ ದಪ್ಪ ಧಾರೆಯಾಗಿ ಬೀಳುತ್ತಿತ್ತು. ಅವಳು ಮೊಣಕಾಲೂರಿ ಬುಟ್ಟಿಯನ್ನು ತಲೆಯಿಂದ ತೆಗೆದು ಕಿಂಡಿಯ ಬಾಯಿಗೆ ಹಿಡಿದು ದಬ್ಬಿದಳು. ಹಣೆ ಕೊಟ್ಟು ದಬ್ಬಿದಳು, ಎದೆ ಕೊಟ್ಟು ದಬ್ಬಿದಳು. ಬಿದಿರು ಲಟಲಟ ಎಂದಿತು. ಪೊರಕೆ, ಮೊರ, ರೋಗಿಗಳ ಬಟ್ಟೆ, ಸ್ಫೂರ್ತಿಯ ಅಂಗಿ, ಎಲ್ಲ ಒಳಗೆ ಕಚ್ಚಿ ಕೂತವು. ಧಾರೆ ಸಣ್ಣದಾಯಿತು. ಹನಿಯಾಯಿತು.

“ಕಲ್ಲು ತನ್ನಿ. ಕೆಂಪು ಮಣ್ಣು ತನ್ನಿ,” ಎಂದು ಕೆಳಗೆ ನೋಡಿ ಕೂಗಿದಳು.

ಗೋಡೆಯ ಮೇಲಿನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಡಿಯಾಚೆ ಎಂದರು, ಗಡಿಯಾಚೆಯೇ ಇಳಿಸಿದ್ದಳು. ಎಲ್ಲಿ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯ ಯಾವ ಕಾಲದಲ್ಲೂ ಬಿದ್ದಿರಲಿಲ್ಲ. ಇನ್ನು ಆ ಬುಟ್ಟಿಯನ್ನು ಅವರಲ್ಲಿ ಯಾರೂ ಮುಟ್ಟುವಂತಿಲ್ಲ. ಮುಟ್ಟಬಹುದಾದವರು ಕೇರಿಯವರು ಮಾತ್ರ. ಕೇರಿಯವರು ಕಲ್ಲು ಹೊತ್ತು ಮೇಲೇರುತ್ತಿದ್ದರು.

ರವೀಂದ್ರ ಗೇಟಿನಿಂದ ಹೊರಗೆ ಹಾರಿದ. ಈಗ ಮಂಜಿಯ ತಲೆ ಖಾಲಿ. ಈಗ ಮುಟ್ಟಬಹುದು. ಜಡೆ ಹಿಡಿದು ಎಳೆದ. ಮುಖವನ್ನು ಗೋಡೆಯ ಚಿರೆಕಲ್ಲಿಗೆ ಬಡಿದ. ಅವಳ ಗಂಡ ಕಡಿದ ಕಲ್ಲು ಅದು. ಹಲ್ಲು ಮುರಿದು ಬಾಯಲ್ಲೇ ಉಳಿಯಿತು. ಹೊಟ್ಟೆಗೆ ಒದ್ದ.

“ತಗೀ ಬೋಸುಡಿ. ಕೈಯಾರ ತಗೀ.”

ಮಂಜಿ ಹಲ್ಲನ್ನು ಅವನ ಮುಖಕ್ಕೆ ಉಗುಳಿದಳು. “ತಗಿಯೂದಿಲ್ಲ.”

ಮನೋಹರ ಬಂದದ್ದು ಅವನಿಗೆ ಕಾಣಲಿಲ್ಲ. ಗುದ್ದಲಿಯ ಕಾವು ಮೊಣಕಾಲಿನ ಚಿಪ್ಪಿಗೆ ಬಿತ್ತು. ರವೀಂದ್ರ ಕೂಗಿದ. ಇನ್ನೊಂದು ಏಟು ಅದೇ ಜಾಗಕ್ಕೆ. ಕೇರಿಯ ಹೆಂಗಸರ ಕೈಯಲ್ಲಿ ಸೊಪ್ಪು ಕೊಯ್ಯುವ ಕತ್ತಿಗಳಿದ್ದವು. ಒಬ್ಬಳು ಎತ್ತಿಯೂ ಬಿಟ್ಟಿದ್ದಳು.

“ಬ್ಯಾಡ,” ಎಂದಳು ಮಂಜಿ. “ಅವ ಎಲ್ಲಿ ಕೈ ಇಟ್ಟಿದ್ದಾ ನೋಡಿ.”

ಎಲ್ಲರೂ ನೋಡಿದರು. ಬೀಳುವಾಗ ರವೀಂದ್ರ ಸಿಕ್ಕಿದ್ದನ್ನು ಹಿಡಿದಿದ್ದ. ಸಿಕ್ಕಿದ್ದು ಬುಟ್ಟಿಯ ಅಂಚು. ಕೈ ಮೊಣಕೈವರೆಗೂ ಹೊರೆಯೊಳಗೆ ಹೋಗಿತ್ತು. ಹೊರಗೆಳೆದರೆ ಒಡೆದ ಬಳೆಯ ಚೂರು ಅಂಗೈಯಲ್ಲಿ ನೆಟ್ಟಿತ್ತು, ಕುಂಕುಮ ಯಾವುದು ರಕ್ತ ಯಾವುದು ತಿಳಿಯುವಂತಿರಲಿಲ್ಲ.

ಗೋಡೆಯ ಆಚೆಯಿಂದ ಮುರಿಗೆವ್ವನ ಧ್ವನಿ ಬಂತು. “ಮುಟ್ಟಿದ. ಮುಟ್ಟಿದನಲ್ಲೋ. ಗೇಟ್ ಹಾಕ್ರಿ.”

ರವೀಂದ್ರ ಒಂದು ಕಾಲು ಎಳೆಯುತ್ತ ತೆವಳಿ ಗೇಟಿಗೆ ಹೋದ. ಗೇಟು ಮುಚ್ಚಿತು. ಅಗುಳಿ ಬಿತ್ತು. ಬೀಗ ಹಾಕಿದವನು ಅಪ್ಪನೇ.

“ಅಪ್ಪಾ, ತಗೀರಿ. ಇವ್ರು ನನ್ನ ಕೊಲ್ತಾರ.”

“ಕೂಸು ಮಲಗೇತೆಪ್ಪಾ ಒಳಗ,” ಎಂದ ಶಿವಪುತ್ರಪ್ಪ. ಕಂಬಿಯ ಸಂದಿಯಿಂದ ಮಗನ ಕೈ ಒಳಗೆ ಬಂತು. ಅಪ್ಪ ಹಿಂದೆ ಸರಿದ, ಮಂಜಿಯಿಂದ ಸರಿದ ಹಾಗೆಯೇ. “ನಿನ್ನ ಮಗಳ ಸಂಬಂಧನೋ. ಅಮಾಸಿ ತನಕ...”

“ನಿಮ್ಮ ಅಮಾಸಿ ಹಾಳಾಗ್ಲಿ. ಕಾಲ ಮುರದೈತಿ ನನ್ನದು.”

ಮೇಲಿನ ಕಿಟಕಿಯಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಗಂಡ ಅವಳನ್ನು ಕೂಗಿದ. ಅವಳು ಅತ್ತಳು, ಕಿಟಕಿ ಮುಚ್ಚಿದಳು.

ಕೇರಿಯವರು ಅವನನ್ನು ಮುಟ್ಟಲಿಲ್ಲ. ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕಲ್ಲಿಟ್ಟು, ಕಲಸಿದ ಕೆಂಪು ಮಣ್ಣು ಮೆತ್ತಿ ಕಿಂಡಿ ಮುಚ್ಚಿದರು. ಮನೋಹರ ಬೈರನನ್ನು ಬೈಕಿಗೆ ಕೂರಿಸಿ, ಪಂಚೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಅಕೇಶಿಯಾದ ಕಾಲುದಾರಿಯಲ್ಲಿ ಆಸ್ಪತ್ರೆಗೆ ಹೊರಟ. ಬಿಸಿಲೇರಿತು. ಗೇಟಿನ ಬುಡದಲ್ಲಿ ರವೀಂದ್ರ ಒರಗಿ ಕೂತಿದ್ದ. ಮೊಣಕಾಲು ಕುಂಬಳಕಾಯಿಯಾಗಿತ್ತು. ತುಟಿ ಒಣಗಿ ಬಿಳಿಚಿತ್ತು.

“ನೀರು,” ಎಂದ. ಯಾರಿಗೆಂದು ಹೇಳಲಿಲ್ಲ.

ಮಂಜಿ ಬಾವಿಗೆ ಹೋದಳು. ಕೊಡ ಬಿಟ್ಟು ಸೇದಿದಳು. ಸೊಂಟದ ಮೇಲಿಟ್ಟುಕೊಂಡು ಏರು ಹತ್ತಿ ಬಂದು ಅವನ ಎದುರು ಇಟ್ಟಳು. ನೀರಿನ ಮೇಲೆ ತೆಳ್ಳನೆಯ ಜಿಡ್ಡು ಬಣ್ಣ ಬದಲಿಸುತ್ತಿತ್ತು. ರವೀಂದ್ರ ಎರಡೂ ಕೈ ಚಾಚಿದ.

“ಏ ಮಂಜೀ,” ಗೇಟಿನೊಳಗಿನಿಂದ ಶಿವಪುತ್ರಪ್ಪ ಕೂಗಿದ. ಇಡೀ ಬಡಾವಣೆಗೆ ಕೇಳುವಂತೆ ಕೂಗಿದ. “ಆ ನೀರ ಅವಗ ಕೊಡಬ್ಯಾಡ.”

ಗೋಡೆಯ ಮೇಲಿನವರು ಬಗ್ಗಿ ನೋಡಿದರು.

ಮಂಜಿ ಕೊಡದ ಕಂಠದ ಮೇಲೆ ಕೈಯಿಟ್ಟಳು. ಬಾಯಿ ಊದಿಕೊಂಡಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು.

“ಎಂತಕ್ಕೆ ಸಾವ್ಕಾರ್ರೆ? ಒಳ್ಳೆ ನೀರು ಅಂದಿದ್ರಲ.”

ಶಿವಪುತ್ರಪ್ಪ ಕಂಬಿ ಹಿಡಿದು ನಿಂತ.

“ಹೇಳಿ. ನಿಮ್ ಜನ ಎಲ್ಲಾ ಇದಾರೆ. ನಮ್ಮೋರೂ ಇದಾರೆ. ಎಂತಕ್ಕೆ ಕೊಡ್ಬಾರ್ದು?”

“ಸಾಯ್ತಾನವಾ,” ಎಂದ ಶಿವಪುತ್ರಪ್ಪ. “ಅದನ್ನ ಕುಡದ್ರ ಸಾಯ್ತಾನ.”

ಮಂಜಿ ತಲೆಯಾಡಿಸಿದಳು. ಕೊಡವನ್ನು ರವೀಂದ್ರನ ಕೈಗೆ ಎಟುಕದಷ್ಟು ಈಚೆಗೆ ಎಳೆದುಕೊಂಡಳು. ಅದರ ಪಕ್ಕದಲ್ಲೇ ಕೂತಳು.

“ನಳದ ನೀರು ನಿಮ್ ಹತ್ರ ಅದೆ. ಬೀಗದ ಕೈನೂ ನಿಮ್ ಹತ್ರನೇ ಅದೆ. ತಗದು ನೀವೇ ಕುಡ್ಸಿ.”

ಶಿವಪುತ್ರಪ್ಪ ಹಿಂದೆ ತಿರುಗಿ ನೋಡಿದ. ತಾಯಿ ಬೇಡವೆಂದು ಕೈ ಬೀಸುತ್ತಿದ್ದಳು. ಅವಳ ಕುರ್ಚಿಯ ಹಿಂದೆ ಒಂದು ಚಪ್ಪಡಿ ಬಾಯಿ ತೆರೆದ ಹಾಗೆ ಸ್ವಲ್ಪ ಎದ್ದಿತು. ಅದರ ಪಕ್ಕದ್ದೂ ಎದ್ದಿತು. ಕಪ್ಪು ನೀರು ಅಂಚಿನಿಂದ ಹೊರಗೆ ಬಂದು ರಸ್ತೆಯ ತಗ್ಗು ಹುಡುಕಿಕೊಂಡು ಗೇಟಿನ ಕಡೆಗೇ ಹೊರಟಿತು. ಯಾರ ಮನೆಯದು, ಯಾರ ಕೋಣೆಯದು ಎಂದು ಗುರುತು ಹಿಡಿಯಬಲ್ಲವಳು ಗೇಟಿನ ಹೊರಗೆ ಕೂತಿದ್ದಳು.

“ಅಪ್ಪಾ,” ಎಂದ ರವೀಂದ್ರ.

ಶಿವಪುತ್ರಪ್ಪ ಪಂಚೆ ಎತ್ತಿಕೊಂಡ. ಬೀಗ ತೆಗೆಯಲಿಲ್ಲ.